ಬಾಗಿಲಿಗೆ ಬೀಗ ಹಾಕಿದ ಜನರಲ್ಲು, ಜೇಬಲ್ಲಿ ಫೋನಿಟ್ಕೊಂಡ ಯಜಮಾನ್ರು

2017-18ರಲ್ಲಿ ನಮ್ ಸಂಜೆ ಟೀಗೆ ಬಿಸ್ಕತ್ತಿಲ್ದಿದ್ರೂ ಟ್ರಂಪಣ್ಣನ ಟ್ವೀಟ್ ಇರ್ತಿತ್ತು, ನೆನಪಿದ್ಯಾ? ಅಲ್ಲಿ ಬೆಳಗ್ಗೆ ಆರೂವರೆ ಅಂದ್ರೆ ಇಲ್ಲಿ ಸಂಜೆ ನಾಲ್ಕು. ಅವ್ರು ಅಲ್ಲಿ ಎದ್ದು, ಟೀವಿ ಹಾಕಿ, ಟೀವಿಲಿ ಯಾರೋ ಏನೋ ಅಂದಿದ್ದಕ್ಕೆ ಉರ್ಕೊಂಡು, ಒಂದು ಕುಟ್ಟೋರು. ಇಲ್ಲಿ ನಾವು ಲೋಟ ಕೆಳಗಿಡೋ ಅಷ್ಟರಲ್ಲಿ ಯಾವ್ದೋ ಒಂದ್ ಮಂತ್ರಿ ಕೆಲಸ ಹೋಗಿರೋದು ಇಲ್ಲಾ ಯಾವ್ದೋ ಒಂದ್ ದೇಶದ ಜೊತೆ ಜಗಳ ಶುರುವಾಗಿರೋದು. ಆ ಟೈಮಲ್ಲಿ ನಾನು ಟ್ವೀಟಿಗಿಂತ ಜಾಸ್ತಿ ನೋಡ್ತಿದ್ದಿದ್ದು ಒಬ್ಬರ ಮುಖ. ಜಾನ್ ಕೆಲ್ಲಿ, ಟ್ರಂಪಣ್ಣನ ಚೀಫ್ ಆಫ್ ಸ್ಟಾಫ್, ಅಂದ್ರೆ ವೈಟ್ ಹೌಸ್ ಆಫೀಸು ನಡೆಸೋ ಮುಖ್ಯಸ್ಥರು. ನಾಲ್ಕು ಸ್ಟಾರಿನ ಮರೀನ್ ಜನರಲ್, ನಲವತ್ತಕ್ಕೂ ಹೆಚ್ಚು ವರ್ಷ ಸರ್ವಿಸ್ಸು, ಯುದ್ಧ ಎಲ್ಲ ನೋಡಿ ಬಂದೋರು. ಅಂಥೋರ ಮುಖ ಒಂದ್ ಫೋನಿಂದ ಹೆಂಗೆ ಬಾಡ್ತಾ ಹೋಯ್ತು ಅನ್ನೋದೇ ಈ ಕಥೆ.

ಅವರ ನೇಮಕಾನೇ ಒಂದ್ ಪ್ರಹಸನ. 2017ರ ಜುಲೈ 28, ಅಧ್ಯಕ್ಷರ ವಿಮಾನ ಬಂದು ವಾಷಿಂಗ್ಟನ್ ಪಕ್ಕದ ಆಂಡ್ರೂಸ್ ಏರ್‌ಬೇಸಲ್ಲಿ ಇಳಿದಿದೆ, ಹೊರಗೆ ಮಳೆ. ಅದೇ ವಿಮಾನದಲ್ಲಿ ಆಗಿನ ಚೀಫ್ ಆಫ್ ಸ್ಟಾಫ್ ರೀನ್ಸ್ ಪ್ರೀಬಸ್ ಕೂಡ ಇದ್ದಾರೆ. ಟ್ರಂಪ್ ಸಾಹೇಬ್ರು ಸೀಟಲ್ಲಿ ಕೂತೇ ಟ್ವೀಟ್ ಬಿಟ್ರು, ಇನ್ಮೇಲೆ ಚೀಫ್ ಆಫ್ ಸ್ಟಾಫ್ ಜನರಲ್ ಕೆಲ್ಲಿ, ನನ್ನ ಸರ್ಕಾರದ ನಿಜವಾದ ಸ್ಟಾರ್ ಅವ್ರು, ಅಂತ. ಪ್ರೀಬಸ್ ಇಳಿದು ಕಾರಲ್ಲಿ ಕೂತ್ರು, ಅದೇ ಕಾರಲ್ಲಿ ಕೂತಿದ್ದ ಇನ್ನಿಬ್ರು ಸಿಬ್ಬಂದಿ ಫೋನ್ ನೋಡ್ಕೊಂಡು ಮೆಲ್ಲಗೆ ಇಳಿದು ಬೇರೆ ಕಾರಿಗೆ ಹೋಗಿ ಕೂತ್ರಂತೆ, ಆಮೇಲೆ ಪ್ರೀಬಸ್ ಕಾರು ಮೆರವಣಿಗೆ ಬಿಟ್ಟು ಒಂಟಿಯಾಗಿ ಮಳೇಲಿ ಹೊರಟು ಹೋಯ್ತು. ನಮ್ಮಲ್ಲಿ ಸೂತಕದ ಮನೆಗೂ ನಾಲ್ಕು ಜನ ಜೊತೆಗೆ ಹೋಗ್ತಾರಪ್ಪಾ. ತಮಾಷೆ ಅಂದ್ರೆ ಟ್ರಂಪಣ್ಣ ಟೀವಿಲಿ ವರ್ಷಗಟ್ಲೆ ಎದುರಿಗೆ ಕೂರಿಸ್ಕೊಂಡು "ಯೂ ಆರ್ ಫೈರ್ಡ್" ಅಂತ ಹೇಳಿಯೇ ಹೆಸರು ಮಾಡಿದ್ದು, ಅಧಿಕಾರಕ್ಕೆ ಬಂದ್ಮೇಲೆ ಮಾತ್ರ ಎದುರಿಗೆ ಕೂತಿರೋರಿಗೆ ಆ ಮಾತು ಹೇಳೋಕೆ ಬಾಯೇ ಬರ್ಲಿಲ್ಲ.

ಸರಿ, ಜುಲೈ 31ರ ಸೋಮವಾರ ಜನರಲ್ ಸಾಹೇಬ್ರು ಡ್ಯೂಟಿಗೆ ಬಂದ್ರು. ಅವತ್ತು ಬೆಳಗ್ಗೆ ಯಜಮಾನ್ರ ಟ್ವೀಟು: ಷೇರು ಮಾರ್ಕೆಟ್ ಮೇಲಿದೆ, ನಿರುದ್ಯೋಗ ಕೆಳಗಿದೆ, ವೈಟ್ ಹೌಸಲ್ಲಿ ಗೊಂದಲ ಗಿಂದಲ ಏನೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕಮ್ಯುನಿಕೇಷನ್ ಡೈರೆಕ್ಟರ್ ಆಂಟನಿ ಸ್ಕಾರಮೂಚಿ ಔಟ್! ಪತ್ರಕರ್ತರೊಬ್ಬರಿಗೆ ಫೋನ್ ಮಾಡಿ ಸಹೋದ್ಯೋಗಿಗಳನ್ನ ಬಾಯಿಗೆ ಬಂದಂಗೆ ಬೈದು, ಅದು ಅಚ್ಚಾಗಿ, ದೇಶಕ್ಕೆಲ್ಲ ಗೊತ್ತಾಗಿದ್ದ ಮಹಾಶಯ. ಜುಲೈ 21ಕ್ಕೆ ಹೆಸರು ಘೋಷಣೆ ಆಗಿತ್ತು, ಅದನ್ನೂ ಸೇರಿಸಿ ಎಣಿಸಿದ್ರೆ ಸರಿಯಾಗಿ ಹನ್ನೊಂದನೇ ದಿನಕ್ಕೆ ಕಾರ್ಯ ಮುಗೀತು. ನಮ್ ಪುರೋಹಿತರು ಕೂಡ ಇಷ್ಟು ಕರಾರುವಾಕ್ಕಾಗಿ ಲೆಕ್ಕ ಇಡಲ್ಲ.

ಇಡೀ ವಾಷಿಂಗ್ಟನ್ ನಿಟ್ಟುಸಿರು ಬಿಡ್ತು, ಅಬ್ಬಾ ಮನೆಗೊಬ್ಬ ಹಿರಿಯ ಬಂದ ಅಂತ. ಕೆಲ್ಲಿ ಬಂದೋರೇ ಒಂದೊಂದೇ ಬಾಗಿಲಿಗೆ ಬೀಗ ಹಾಕೋಕೆ ಶುರು ಮಾಡಿದ್ರು. ಅಲ್ಲಿವರೆಗೂ ಅಧ್ಯಕ್ಷರು ಕೂರೋ ಓವಲ್ ಆಫೀಸ್ ಅಂದ್ರೆ ಜಾತ್ರೆ ಟೆಂಟ್ ಇದ್ದಂಗೆ, ಮಗಳು, ಅಳಿಯ, ಸಲಹೆಗಾರರು, ಸುಮ್ನೆ ಆ ಕಡೆ ಹೋಗ್ತಿದ್ದೋರು, ಎಲ್ಲ ಒಳಗೆ ನುಗ್ಗಿ ಒಂದೊಂದ್ ಮಾತು ಕಿವಿಗೆ ಹಾಕಿ ಬರೋರು, ಕೊನೇಗೆ ಯಾರು ಹೋಗ್ತಾರೋ ಅವರ ಮಾತೇ ಪಾಲಿಸಿ. ಇನ್ಮೇಲೆ ಹಂಗಿಲ್ಲ. ಒಳಗೆ ಹೋಗಬೇಕಂದ್ರೆ ಕೆಲ್ಲಿ ಪರ್ಮಿಷನ್, ಮೇಜಿನ ಮೇಲೆ ಒಂದ್ ಕಾಗದ ಇಡಬೇಕಂದ್ರೂ ಸ್ಟಾಫ್ ಸೆಕ್ರೆಟರಿ ರಾಬ್ ಪೋರ್ಟರ್ ಕೈ ದಾಟಿ ಬರಬೇಕು. ಇದೇ ಪೋರ್ಟರ್ ಮುಂದೆ 2018ರ ಫೆಬ್ರವರೀಲಿ ಮಾಜಿ ಹೆಂಡ್ತೀರಿಬ್ಬರ ಮೇಲೆ ದೌರ್ಜನ್ಯದ ಆರೋಪ ಬಂದು ರಾಜೀನಾಮೆ ಕೊಟ್ರು, ಆರೋಪ ಸುಳ್ಳು ಅಂತಾನೂ ಹೇಳಿದ್ರು. ಆಗ ಗೊತ್ತಾಗಿದ್ದೇನಂದ್ರೆ ಅವರು ಅಷ್ಟು ದಿನ ಕೆಲಸ ಮಾಡ್ತಿದ್ದಿದ್ದು ಬರೀ ತಾತ್ಕಾಲಿಕ ಸೆಕ್ಯುರಿಟಿ ಕ್ಲಿಯರೆನ್ಸ್ ಮೇಲೆ. ಅಂದ್ರೆ ಗೇಟಲ್ಲಿ ನಿಂತು ದೇಶದ ಗುಟ್ಟಿನ ಕಾಗದ ತಪಾಸಣೆ ಮಾಡ್ತಿದ್ದೋರ ಹತ್ರಾನೇ ಪರ್ಮನೆಂಟ್ ಪಾಸ್ ಇರ್ಲಿಲ್ಲ ಕಣ್ರೀ.

ಆದ್ರೆ ನಿಜವಾದ ಕಾಮಿಡಿ ಅದಲ್ಲ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅಂತೀವಲ್ಲ, ಇಲ್ಲಿ ಕೊಳ್ಳೆ ಹೊಡೆಯೋರು ಕೋಟೆ ಒಳಗೇ ಹಾಸಿಗೆ ಮೇಲೆ ಮಲಗಿದ್ರು, ಕೈಯಲ್ಲಿ ಫೋನು ಹಿಡ್ಕೊಂಡು. ಹೊರಗಿಂದ ಒಳಗೆ ಹೋಗೋ ಕಾಗದಕ್ಕೆಲ್ಲ ಸೀಲು, ಸಹಿ. ಒಳಗಿಂದ ಹೊರಗೆ ಬರೋ ಮಾತಿಗೆ ಮಾತ್ರ ಅಡ್ಡಾನೂ ಇಲ್ಲ ಅಣೆಕಟ್ಟೂ ಇಲ್ಲ. ಬಾಗಿಲಲ್ಲಿ ಜನರಲ್ ನಿಂತಿದ್ದಾರೆ ಅಂತ ಗೊತ್ತಾದ ಸ್ನೇಹಿತರು ಮೆಲಾನಿಯಾ ಮೇಡಂಗೆ ಫೋನ್ ಮಾಡಿ ವಿಷ್ಯ ದಾಟಿಸ್ತಿದ್ರು ಅಂತ ಪತ್ರಿಕೆಗಳು ಬರೆದ್ವು, ಯಜಮಾನ್ರು ತಮ್ಮ ಸ್ವಂತ ಮೊಬೈಲ್ ಬಳಸೋದು ಜಾಸ್ತಿ ಮಾಡಿದ್ರು ಅಂತಾನೂ ವರದಿ ಬಂತು. ಹಾಸ್ಟೆಲ್ ವಾರ್ಡನ್ ಸ್ಟ್ರಿಕ್ಟ್ ಆದಷ್ಟೂ ಹಿಂದಿನ ಕಾಂಪೌಂಡ್ ಸವೆಯೋದು ಲೋಕಾರೂಢಿ. ಇದು ಸಾಲದು ಅಂತ 2017ರ ನವೆಂಬರಲ್ಲಿ ಟ್ವಿಟರ್‌ನೋರು ಟ್ವೀಟಿನ ಮಿತಿ 140 ಅಕ್ಷರದಿಂದ 280ಕ್ಕೆ ಏರಿಸಿದ್ರು. ಗಾಯದ ಮೇಲೆ ಬರೆ! ಇಡೀ ಜಗತ್ತಲ್ಲಿ ಆ ಸೌಲಭ್ಯದಿಂದ ನಿಜಕ್ಕೂ ನಷ್ಟ ಆಗಿದ್ದು ಒಬ್ಬರಿಗೇ ಅಂತ ನನ್ನ ಅಂದಾಜು.

ಅದೇ ತಿಂಗಳು ಏಷ್ಯಾ ಪ್ರವಾಸ. ಉತ್ತರ ಕೊರಿಯಾದ ಕಿಮ್ ತನ್ನನ್ನ ಮುದುಕ ಅಂದ ಅಂತ ನೋವಾಗಿ ಯಜಮಾನ್ರು ಬರೀತಾರೆ: ನಾನು ಅವನನ್ನ ಯಾವತ್ತಾದ್ರೂ ಕುಳ್ಳ, ದಡಿಯ ಅಂದಿದ್ದೀನಾ? ಅಂತ. ಅಣು ಬಾಂಬ್ ಇರೋ ಎರಡು ದೇಶದ ಮಧ್ಯೆ ನಡೀತಿರೋ ಮಾತುಕತೆ ಇದು, ಎರಡನೇ ಕ್ಲಾಸಿನ ಕೊನೇ ಬೆಂಚಿದಲ್ಲ. ಪತ್ರಕರ್ತರು ಕೆಲ್ಲಿನ ಕೇಳಿದ್ರೆ ಅವ್ರು ಹೇಳಿದ್ದು, ನೀವು ನಂಬಿ ಬಿಡಿ, ನಾನು ಟ್ವೀಟ್ ಫಾಲೋ ಮಾಡಲ್ಲ. ನೋಡಿ, ಊರಿಗೆ ಊರೇ ನೆರೆ ಬಂದು ಮುಳುಗ್ತಿದೆ, ಅಣೆಕಟ್ಟಿನ ಇಂಜಿನಿಯರ್ ಹೇಳ್ತಿದ್ದಾರೆ ನಾನು ನೀರಿನ ಮಟ್ಟ ನೋಡೋ ಅಭ್ಯಾಸ ಇಟ್ಕೊಂಡಿಲ್ಲ ಅಂತ.

ಬಾಯಲ್ಲಿ ಹಿಂಗಂದ್ರೂ ಮುಖ ಕೇಳ್ಬೇಕಲ್ಲ. ಕೆಲ್ಲಿ ಸಾಹೇಬ್ರ ಮುಖಕ್ಕೆ ಮಿಲಿಟರಿ ಶಿಸ್ತು ಸಾಕಾಗ್ತಿರ್ಲಿಲ್ಲ. ಡ್ಯೂಟಿಗೆ ಸೇರಿ ಎರಡು ವಾರ ಅಷ್ಟೇ, ಆಗಸ್ಟ್ 15, ನ್ಯೂಯಾರ್ಕಿನ ಟ್ರಂಪ್ ಟವರ್ ಲಾಬಿ. ರಸ್ತೆ, ಸೇತುವೆ ವಿಷಯ ಮಾತಾಡೋಕೆ ಅಂತ ಕರೆದಿದ್ದ ಪ್ರೆಸ್ ಮೀಟು ಶಾರ್ಲಟ್ಸ್‌ವಿಲ್ ಊರಲ್ಲಿ ಬಿಳಿಯ ಜನಾಂಗವಾದಿಗಳ ಮೆರವಣಿಗೇಲಿ ಆದ ಗಲಭೆ ಕಡೆಗೆ ತಿರುಗಿ, ಎರಡೂ ಕಡೆ ಒಳ್ಳೆಯೋರಿದ್ರು ಅನ್ನೋ ಮಾತು ಬಂದೇ ಬಿಡ್ತು. ಪಕ್ಕದಲ್ಲಿ ಜನರಲ್ ಕೈ ಕಟ್ಕೊಂಡು, ತಲೆ ಬಗ್ಗಿಸಿ, ಮಾರ್ಬಲ್ ನೆಲಾನೇ ನೋಡ್ತಾ ನಿಂತಿದ್ರು, ಆ ನೆಲ ಒಂಚೂರು ಬಾಯಿ ಬಿಟ್ಟಿದ್ರೆ ಸೀತಮ್ಮನ ಹಂಗೆ ಒಳಗೆ ಹೋಗಿಬಿಡ್ತಿದ್ರೇನೋ. ಆಮೇಲೆ ಸೆಪ್ಟೆಂಬರ್ 19, ವಿಶ್ವಸಂಸ್ಥೆ. ಯಜಮಾನ್ರು ವೇದಿಕೆ ಮೇಲೆ ಕಿಮ್‌ನ "ರಾಕೆಟ್ ಮ್ಯಾನ್" ಅಂತ ಕರೆದು, ಬೇಕಾದ್ರೆ ಅವನ ದೇಶಾನ ಪೂರ್ತಿ ನಾಶ ಮಾಡ್ತೀವಿ ಅಂತ ಓದ್ತಿದ್ದಾರೆ, ಕೆಳಗೆ ಮೆಲಾನಿಯಾ ಪಕ್ಕ ಕೆಲ್ಲಿ ಕೂತು ಒಂದ್ ಕೈಯಲ್ಲಿ ಮುಖ ಮುಚ್ಕೊಂಡಿದ್ದಾರೆ. ಆ ಫೋಟೋ ಜಗತ್ತು ಸುತ್ತಿದ್ದು ಭಾಷಣಕ್ಕಿಂತ ಫಾಸ್ಟಾಗಿ. ಸುಮ್ನೆ ಹಣೆ ಕೆರಿತಿದ್ರೋ ಏನೋ, ಆದ್ರೆ ಮದುವೆ ಮನೇಲಿ ಕುಡಿದು ಮೈಕ್ ಹಿಡ್ಕೊಂಡ ಮಾವನ್ನ ನೋಡೋ ಅಳಿಯನ ಮುಖ ಹೆಂಗಿರತ್ತೆ ಅಂತ ನಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ.

ಇನ್ನು ಒಮರೋಸಾ ಪ್ರಕರಣ, ಇದನ್ನ ಬಿಟ್ರೆ ಪಾಪ ಬರತ್ತೆ. ಟ್ರಂಪಣ್ಣನ ರಿಯಾಲಿಟಿ ಶೋದಿಂದಾನೇ ಹೆಸರು ಮಾಡಿ ವೈಟ್ ಹೌಸಿಗೆ ಬಂದಿದ್ದ ಒಮರೋಸಾ ಮ್ಯಾನಿಗಾಲ್ಟ್ ನ್ಯೂಮನ್‌ನ ಕೆಲಸದಿಂದ ತೆಗೀಬೇಕು ಅಂತ 2017ರ ಡಿಸೆಂಬರಲ್ಲಿ ಕೆಲ್ಲಿ ತೀರ್ಮಾನ ಮಾಡಿದ್ರು. ಕರೆದಿದ್ದೆಲ್ಲಿಗೆ? ಸಿಚುಯೇಷನ್ ರೂಮಿಗೆ. ಯುದ್ಧದ ಗುಟ್ಟು ಮಾತಾಡೋ ರೂಮು, ಫೋನ್ ಒಳಗೆ ತರೋ ಹಂಗೇ ಇಲ್ಲ. ಅಲ್ಲಿ ಕೂರಿಸ್ಕೊಂಡು, ಸ್ನೇಹದಿಂದ ಹೋದ್ರೆ ಮುಂದೆ ನಿಮ್ಮ ಹೆಸರಿಗೆ ತೊಂದ್ರೆ ಆಗಲ್ಲ ಅನ್ನೋ ಥರ ಜನರಲ್ ಗಂಭೀರವಾಗಿ ಹೇಳಿದ್ರು. ಆಯಮ್ಮ ಗಂಭೀರವಾಗಿ ರೆಕಾರ್ಡ್ ಮಾಡ್ಕೊಂಡ್ಲು! 2018ರ ಆಗಸ್ಟಲ್ಲಿ ಅದನ್ನ ಟೀವಿಲಿ ಕೇಳಿಸಿದ್ಲು. ಮಾರನೇ ದಿನ ಇನ್ನೊಂದ್ ಟೇಪು, ಅದರಲ್ಲಿ ಯಜಮಾನ್ರ ಧ್ವನಿ, ಅಯ್ಯೋ ಹೌದಾ, ನಂಗೆ ಯಾರೂ ಹೇಳೇ ಇಲ್ಲ, ನೀನು ಹೋಗೋದು ನಂಗೆ ಇಷ್ಟ ಇಲ್ಲ ಅಂತ. ಜನರಲ್ ಮರ್ಯಾದೆ ಅಲ್ಲಿಗೆ ಮುಗೀತು, ತಾನು ಕೆಟ್ಟವನಾಗಿ ತೆಗೆದ ಕೆಲಸದೋಳ ಹತ್ರ ಬಾಸು ನಂಗೇನೂ ಗೊತ್ತಿಲ್ಲಮ್ಮಾ ಅಂತ ಕೈ ತೊಳ್ಕೊಂಡಾಗಿತ್ತು. ಅಷ್ಟಕ್ಕೇ ನಿಲ್ತಾ? ಟೇಪ್ ಹೊರಗೆ ಬಂದ ಸಿಟ್ಟಿಗೆ ಅವರೇ ಟ್ವೀಟ್ ಮಾಡಿದ್ರು: ಅವಳು ಸರಿ ಇಲ್ಲ ಅಂತ ಕೆಲ್ಲಿ ಮೊದಲೇ ಹೇಳಿದ್ರು, ನಾನೇ ಹೆಂಗಾದ್ರೂ ಅಡ್ಜಸ್ಟ್ ಮಾಡ್ಕೊಳಿ ಅಂದಿದ್ದೆ, ಯಾಕಂದ್ರೆ ಅವಳು ನನ್ನ ಬಗ್ಗೆ ಒಳ್ಳೆ ಮಾತೇ ಆಡ್ತಿದ್ಲು. ಮರುದಿನಾನೇ ಇನ್ನೊಂದು, ಆ ನಾಯೀನ ಬೇಗ ಕೆಲಸದಿಂದ ತೆಗೆದ ಜನರಲ್ ಕೆಲ್ಲಿ ಶಭಾಷ್! ನಂಗೊತ್ತಿಲ್ಲ, ನಂಗೊತ್ತಿತ್ತು, ಇರ್ಲಿ ಬಿಡಿ ಅಂದಿದ್ದೆ, ತೆಗೆದಿದ್ದೇ ಒಳ್ಳೇದಾಯ್ತು. ನಾಲ್ಕು ದಿಕ್ಕಿಗೂ ಒಬ್ರೇ ಯಜಮಾನ್ರು.

ಇಷ್ಟು ಓದಿ ಕೆಲ್ಲಿ ಅಂದ್ರೆ ಬೆಂಕೀಲಿ ಬಿದ್ದ ಪಾಪದ ಮನುಷ್ಯ ಅಂತ ಕಣ್ಣೀರು ಹಾಕ್ಬೇಡಿ. ಸಹವಾಸ ದೋಷ ಅನ್ನೋದು ನಾಲ್ಕು ಸ್ಟಾರಿನೋರಿಗೂ ಅಂಟತ್ತೆ. 2017ರ ಅಕ್ಟೋಬರಲ್ಲಿ ಫ್ಲಾರಿಡಾದ ಸಂಸದೆ ಫ್ರೆಡರಿಕಾ ವಿಲ್ಸನ್ ಅಧ್ಯಕ್ಷರನ್ನ ಟೀಕೆ ಮಾಡಿದ್ರು ಅಂತ ಇವರು ಪ್ರೆಸ್ ಮುಂದೆ ಬಂದು, ಖಾಲಿ ಪೀಪಾಯಿನೇ ಜಾಸ್ತಿ ಸದ್ದು ಮಾಡೋದು ಅಂದ್ರು. ನಮ್ಮ ತುಂಬಿದ ಕೊಡ ತುಳುಕಲ್ಲ ಅನ್ನೋದನ್ನೇ ಉಲ್ಟಾ ಹೊಡೆದಿದ್ದು ಅನ್ಕೊಳಿ. 2015ರಲ್ಲಿ ಎಫ್‌ಬಿಐ ಕಟ್ಟಡದ ಉದ್ಘಾಟನೆಗೆ ಬಂದ ಈಯಮ್ಮ 20 ಮಿಲಿಯನ್ ಡಾಲರ್ ದುಡ್ಡು ನಾನೇ ತಂದೆ ಅಂತ ಜಂಬ ಕೊಚ್ಕೊಂಡ್ಲು ಅಂತ ಕಥೆನೂ ಹೇಳಿದ್ರು. ಮಾರನೇ ದಿನ ಆ ಕಾರ್ಯಕ್ರಮದ ವಿಡಿಯೋ ಸಿಕ್ತು, ಅದರಲ್ಲಿ ಆ ಮಾತೇ ಇಲ್ಲ. ಕ್ಷಮೆ ಕೇಳಿದ್ರಾ? ಸುತರಾಂ ಇಲ್ಲ. ಬದಲಿಗೆ ಪ್ರೆಸ್ ಸೆಕ್ರೆಟರಿ ಸಾರಾ ಸ್ಯಾಂಡರ್ಸ್, ನಾಲ್ಕು ಸ್ಟಾರಿನ ಮರೀನ್ ಜನರಲ್ ಜೊತೆ ವಾದ ಮಾಡೋದು ತುಂಬಾ ಅನುಚಿತ ಅಂದುಬಿಟ್ರು. ಯಾವ ಕೊಡ ತುಂಬಿತ್ತು ಯಾವುದು ಖಾಲಿ ಅಂತ ನೀವೇ ಅಲ್ಲಾಡಿಸಿ ನೋಡ್ಕೊಳಿ.

2018ರ ಮಾರ್ಚ್ ಹೊತ್ತಿಗೆ ಮನುಷ್ಯ ವೇದಾಂತಕ್ಕೆ ಇಳಿದಿದ್ರು. ತಾವು ಮೊದಲು ಮಂತ್ರಿಯಾಗಿದ್ದ, ದೇಶದೊಳಗಿನ ಭದ್ರತೆ ನೋಡ್ಕೊಳ್ಳೋ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ ಸಮಾರಂಭಕ್ಕೆ ಹೋಗಿ, ಆ ಕೆಲಸ ಬಿಟ್ಟು ಬರೋಕೆ ನಂಗೆ ಒಂಚೂರೂ ಮನಸ್ಸಿರ್ಲಿಲ್ಲ, ಏನೋ ತಪ್ಪು ಮಾಡಿದ್ದೆ ಅನ್ಸತ್ತೆ, ದೇವ್ರು ಶಿಕ್ಷೆ ಕೊಟ್ಟ ಅಂದ್ರು. ಸಭೆ ನಕ್ತು. ನಾನು ನಗ್ಲಿಲ್ಲ, ಬಾಸ್ಟನ್ನಿನ ಕ್ಯಾಥೊಲಿಕ್ ಜನರಲ್ ಒಬ್ಬರು ನಮ್ಮಜ್ಜಿ ಥರ ಯಾವ ಜನ್ಮದ ಕರ್ಮವೋ ಅನ್ನೋ ಲೆವೆಲ್ಲಿಗೆ ಬರಬೇಕಂದ್ರೆ ಆಫೀಸಲ್ಲಿ ಎಷ್ಟು ಅನುಭವಿಸಿರಬೇಕು. ಅದಾಗಿ ಎರಡು ವಾರದೊಳಗೇ, ಕೆಲಸ ಕಳ್ಕೊಳ್ಳೋದ್ರಲ್ಲಿದ್ದ ವಿದೇಶಾಂಗ ಮಂತ್ರಿ ಟಿಲ್ಲರ್‌ಸನ್‌ಗೆ, ನೀವು ಪ್ರವಾಸ ಮುಗಿಸಿ ಬೇಗ ಬನ್ನಿ, ಒಂದ್ ಟ್ವೀಟ್ ಬರಬಹುದು ಅಂತ ಮುನ್ಸೂಚನೆ ಕೊಡೋ ಕೆಲಸಾನೂ ಇವರ ತಲೆಗೇ ಬಂತು. ಮಳೆ ಬರೋ ಸೂಚನೆ ಕೊಡೋ ಹವಾಮಾನ ಇಲಾಖೆ ಥರ, ನಿಲ್ಲಿಸೋ ಶಕ್ತಿ ಇಲ್ಲ, ಕೊಡೆ ಹಿಡ್ಕೊಳಿ ಅಂತ ಹೇಳಬಹುದು ಅಷ್ಟೇ.

ಬಾಸನ್ನ ಈಡಿಯಟ್ ಅಂದ್ರಂತೆ ಅಂತ ಏಪ್ರಿಲಲ್ಲಿ ಸುದ್ದಿ ಬಂತು, ಶುದ್ಧ ಸುಳ್ಳು ಅಂದ್ರು. ಜುಲೈ ಕೊನೇಲಿ, ಒಂದು ವರ್ಷ ತುಂಬಿದ ದಿನ, 2020ರವರೆಗೂ ಇರ್ತೀನಿ ಅಂತ ಸಿಬ್ಬಂದಿಗೆ ಹೇಳಿದ್ರಂತೆ. ಡಿಸೆಂಬರ್ 8ಕ್ಕೆ ಯಜಮಾನ್ರು ಹುಲ್ಲುಹಾಸಿನ ಮೇಲೆ ನಿಂತು, ಕೆಲ್ಲಿ ಹೋಗ್ತಿದ್ದಾರೆ, ರಿಟೈರ್ ಅನ್ನಬಹುದೋ ಇಲ್ವೋ ಗೊತ್ತಿಲ್ಲ, ಒಳ್ಳೆ ಮನುಷ್ಯ ಅಂದ್ರು. 17 ತಿಂಗಳು. ಹೋಗೋ ಮುಂಚೆ ಲಾಸ್ ಏಂಜಲೀಸ್‌ನ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಕೆಲ್ಲಿ ತಮ್ಮ ಸಾಧನೆ ಅಳೆಯೋಕೆ ಒಂದ್ ಹೊಸ ಅಳತೆಗೋಲು ಕೊಟ್ರು ನೋಡಿ, ನಾನು ಪಕ್ಕದಲ್ಲಿದ್ದಾಗ ಅಧ್ಯಕ್ಷರು ಏನೇನು ಮಾಡ್ಲಿಲ್ಲ ಅನ್ನೋದರ ಮೇಲೆ ನನ್ನ ಅವಧಿ ಅಳೀರಿ. ಬೆಳಗ್ಗೆ ನಾಲ್ಕಕ್ಕೆ ಎದ್ದು ರಾತ್ರಿ ಒಂಬತ್ತಕ್ಕೆ ಮನೆಗೆ ಬರ್ತಿದ್ದಿದ್ದು ಇದಕ್ಕೇ. ಒಲೆ ಮೇಲೆ ಹಾಲಿಟ್ಟು, ಪಕ್ಕದಲ್ಲೇ ಚಮಚ ಹಿಡ್ಕೊಂಡು ನಿಂತ ಕೆಲಸ. ಉಕ್ಕದಿದ್ದ ಹಾಲಿಗೆ ಯಾರೂ ಚಪ್ಪಾಳೆ ಹೊಡೆಯಲ್ಲ, ಉಕ್ಕಿದ್ರೆ ಒಲೆ ಒರೆಸೋದು ಮಾತ್ರ ನಿಮ್ಮ ಪಾಲಿಗೆ. ಈ ಪಾಯಿಂಟ್ ಹಿಡ್ಕೊಂಡು ನಮ್ ಐಟಿ ಕಂಪನಿಗಳ ಅಪ್ರೈಸಲ್‌ಗೆ ಯಾರಾದ್ರೂ ಹೋಗಿ ನೋಡಿ, ಸಾರ್ ಈ ವರ್ಷ ನಮ್ ಮ್ಯಾನೇಜರ್ ಮಾಡದೇ ಇದ್ದಿದ್ದೆಲ್ಲ ನನ್ನ ಕೆಲಸ, ಹೈಕ್ ಕೊಡಿ ಅಂತ.

ಹೋದ್ಮೇಲೆ "ನಿಜವಾದ ಸ್ಟಾರ್" ಏನಾದ್ರು ಗೊತ್ತಲ್ಲ. ಇವರು ಒಂದೆರಡು ಮಾತು ಟೀಕೆ ಮಾಡಿದ್ದಕ್ಕೆ 2020ರ ಫೆಬ್ರವರೀಲಿ ಟ್ವೀಟ್ ಬಂತು, ಅವನನ್ನ ಎಷ್ಟು ಬೇಗ ಕಳಿಸಿದ್ರೂ ಸಾಲ್ತಿರ್ಲಿಲ್ಲ ಅಂತ. 2024ರ ಅಕ್ಟೋಬರಲ್ಲಿ ಕೆಲ್ಲಿ ಫ್ಯಾಸಿಸಂ ಅಂದ್ರೇನು ಅನ್ನೋ ವ್ಯಾಖ್ಯಾನ ಓದಿ, ಇದು ಟ್ರಂಪ್‌ಗೆ ಸರಿಯಾಗಿ ಹೊಂದತ್ತೆ ಅಂದ್ರು. ಆ ಕಡೆಯಿಂದ ಮತ್ತೆ ಬೈಗುಳ. ಪಕ್ಕದಲ್ಲಿ ಕೂತಿದ್ದಾಗ ಈ ಮಾತನ್ನ ಕೈಯಲ್ಲಿ ಮುಚ್ಕೊಂಡಿದ್ದ ಮುಖ ಮಾತ್ರ ಹೇಳ್ತಿತ್ತು, ಬಾಯಿಗೆ ಇಳಿಯೋಕೆ ಏಳು ವರ್ಷ ಹಿಡೀತು.

ಆ ಕುರ್ಚಿಗೆ ಮುಂದೇನಾಯ್ತು? ಮೊದಲು ಕೇಳಿದ ನಿಕ್ ಏಯರ್ಸ್ ಬೇಡಪ್ಪಾ ಅಂದ್ರು. ಕೊನೇಗೆ ಮಿಕ್ ಮಲ್ವೇನಿ ಬಂದ್ರು, ಹುದ್ದೆ ಹೆಸರು "ಆಕ್ಟಿಂಗ್" ಚೀಫ್ ಆಫ್ ಸ್ಟಾಫ್. ಯಾಕ್ ಸ್ವಾಮಿ ಪರ್ಮನೆಂಟ್ ಮಾಡಲ್ವಾ ಅಂದ್ರೆ, ನಂಗೆ ಆಕ್ಟಿಂಗ್ ಅಂದ್ರೇನೇ ಇಷ್ಟ ಅಂದ್ರು ಯಜಮಾನ್ರು. 2020ರ ಮಾರ್ಚಲ್ಲಿ ಕೆಲಸ ಹೋಗೋವರೆಗೂ ಮಲ್ವೇನಿ ಆಕ್ಟಿಂಗೇ. ನಲವತ್ತು ವರ್ಷದ ಮಿಲಿಟರೀಲಿ ಜನರಲ್ ಸಾಹೇಬ್ರಿಗೆ ಯಾರೂ ಕಲಿಸದೇ ಇದ್ದಿದ್ದು ಅದೊಂದೇ.