ಇಲಿಗೊಂದು ಹಾರೆ

20 ಪ್ರಾಣದ ವೀರನನ್ನು 8 ಪ್ರಾಣದ ಇಲಿಯೊಂದು ಕಚ್ಚಿ ಕಚ್ಚಿ ಕೊಂದಿತು. ಆ ವೀರ ನಾನೇ.

ಮೊಬೈಲ್‌ನಲ್ಲಿ ಶಾಟರ್ಡ್ ಪಿಕ್ಸೆಲ್ ಡಂಜನ್ ಅಂತ ಒಂದು ಆಟ ಇದೆ. ನೆಲದಡಿಯ ಮಹಡಿಗಳನ್ನು ಒಂದೊಂದಾಗಿ ಇಳಿಯುತ್ತಾ ಹೋಗಬೇಕು. ಸತ್ತರೆ ಮುಗೀತು, ಮತ್ತೆ ಒಂದನೇ ಮಹಡಿಯಿಂದ ಶುರು. 1980ರಲ್ಲಿ ಬಂದ 'ರೋಗ್' ಎಂಬ ಆಟದ ವಂಶ ಇದು. ನಮ್ಮ ಬಾಯಲ್ಲಿ ಆ ಹೆಸರು 'ರೋಗ' ಆಗಿದ್ದು ಸುಮ್ನೆ ಅಲ್ಲ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ಯಾರು ಹೊರಗೆ ಕಾಲಿಡುತ್ತಾರೆ ಹೇಳಿ? ಕೂಲರ್ ಮುಂದೆ ಮಲಗಿಕೊಂಡು ನಾನು ಚರಂಡಿ ಇಳಿಯುತ್ತಿದ್ದೆ. ಮೊದಲ 5 ಮಹಡಿ ಬರೀ ಚರಂಡಿಯೇ.

ಎರಡನೇ ಮಹಡಿಯಲ್ಲೇ ಗ್ರೇಟ್‌ಸ್ವೋರ್ಡ್ ಎಂಬ ಭಾರೀ ಕತ್ತಿ ಸಿಕ್ಕಿಬಿಟ್ಟಿತು. ಅಷ್ಟು ಮೇಲೆ ಅದು ಸಿಗುವುದೇ ಅಪರೂಪ. ಬಿದ್ದರೆ 30ರವರೆಗೆ ಏಟು. ನನ್ನ ಕೈಯಲ್ಲಿದ್ದ ಸವೆದ ಕತ್ತಿ 10 ಕೊಟ್ಟರೆ ಅದೇ ಹಬ್ಬ. 18 ಶಕ್ತಿ ಬೇಕು ಅಂತಲೂ ಅಲ್ಲೇ ಬರೆದಿತ್ತು. ನನಗಿದ್ದದ್ದು 10. ಮದುವೆ ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗ ಶುಗರ್ ಯಾರಿಗೆ ನೆನಪಾಗುತ್ತೆ? ಹಿಡಿದೇಬಿಟ್ಟೆ.

ಈ ಆಟದಲ್ಲಿ ಶಕ್ತಿ ಕಮ್ಮಿ ಬಿದ್ದಷ್ಟೂ ಗುರಿ ತಪ್ಪುತ್ತದೆ, ಕೈಯೂ ನಿಧಾನವಾಗುತ್ತದೆ. 8 ಕಮ್ಮಿ ಇದ್ದರೆ ಒಂದು ಸಲ ಬೀಸುವಷ್ಟರಲ್ಲಿ ಎದುರಾಳಿಗೆ ನಾಲ್ಕು ಸರದಿ ಸಿಗುತ್ತದೆ. ಕತ್ತಿ ಎತ್ತಿದೆ, ಇಲಿ ಕಚ್ಚಿತು. ಇನ್ನೂ ಎತ್ತುತ್ತಲೇ ಇದ್ದೆ, ಮತ್ತೆ ಕಚ್ಚಿತು. ಕೊನೆಗೂ ಬೀಸಿದೆ. ತಪ್ಪಿತು. ಬಿಸಾಡಿ ಹಳೇ ಕತ್ತಿ ಹಿಡಿಯೋಣ ಅಂದರೆ ಇದು ಶಾಪದ ಕತ್ತಿ, ಕೈ ಬಿಡಲೊಲ್ಲದು.

ಮೊಬೈಲ್ ರಿಪೇರಿ ಅಂಗಡಿಯ ಗೆಳೆಯನಿಗೆ ಹೇಳಿದರೆ ನಕ್ಕ. "ಅಪ್‌ಗ್ರೇಡ್ ಸುರುಳಿ ಓದಿದ್ರ ಭಾರ ಇಳೀತದಲ್ಲೋ ಮಾರಾಯಾ." ಆಯುಧ ಬಲಪಡಿಸುವ ಆ ಸುರುಳಿ ಓದಿದರೆ ಬೇಕಾದ ಶಕ್ತಿ ಇಳಿಯುತ್ತದೆ, ಖರೇ. ಮೊದಲನೇ ಅಂಕಕ್ಕೆ ಒಂದು ಸುರುಳಿ, ಎರಡನೇದಕ್ಕೆ ಇನ್ನೆರಡು, ಮೂರನೇದಕ್ಕೆ ಮತ್ತೆ ಮೂರು. ಹೀಗೆ 8 ಇಳಿಸಲು 36 ಸುರುಳಿ. ಚಿಟ್ ಫಂಡ್ ಕಂತಿನ ಲೆಕ್ಕವೇ ಇದಕ್ಕಿಂತ ವಾಸಿ.

ಅದೇ ವಾರ ಅಡುಗೆಮನೆಗೆ ನಿಜವಾದ ಇಲಿ ಬಂತು. ಕಡಕ್ ರೊಟ್ಟಿಯ ಬುಟ್ಟಿಗೆ ಬಾಯಿ ಹಾಕಿ, ತೊಗರಿ ಬೇಳೆ ಚೀಲದ ಹಿಂದೆ ಅಡಗಿತು. ಅವ್ವ ಕಸಬರಿಗೆ ಚಾಚಿದಳು. ನನಗೆ ಅದು ಸವೆದ ಕತ್ತಿಯ ಹಾಗೆ ಕಂಡಿತು. ಹಿತ್ತಲಿಗೆ ಓಡಿ ಹಾರೆ ತಂದೆ. ನಮ್ಮೂರಿನ ಗಾಳಿಯೇ ಹಾಗಿರಬೇಕು. ಕೋಟೆಯಲ್ಲಿ 29 ಅಡಿ ಉದ್ದದ ಬಾರಾ ಗಝಿ ತೋಫ್ ಎಂಬ ಫಿರಂಗಿ ನೋಡುತ್ತಾ ಬೆಳೆದವನಿಗೆ ಕಸಬರಿಗೆ ಕಣ್ಣಿಗೆ ಹತ್ತುತ್ತದಾ?

ಹಾರೆ ತಲೆಮಟ್ಟ ಎತ್ತುವಷ್ಟರಲ್ಲಿ ಇಲಿ ಗ್ಯಾಸ್ ಕಟ್ಟೆ ಹತ್ತಿ, ಇಳಿದು, ನನ್ನ ಪಾದದ ಮೇಲೇ ಓಡಿತು. ಆಮೇಲೆ ಹಾರೆ ಇಳಿಯಿತು. ನಾನು ಇಳಿಸಿದ್ದಲ್ಲ, ಅದೇ ಇಳಿಯಿತು. ಚೀಲದ ಹೊಟ್ಟೆ ಸೀಳಿ, 2019ರಲ್ಲಿ ಜಿಐ ಟ್ಯಾಗ್ ಪಡೆದ ಕಲಬುರಗಿ ತೊಗರಿ ಬೇಳೆ ಸರ್ರನೆ ನೆಲಕ್ಕೆ ಹರಿಯಿತು. ಫ್ರಿಜ್ ಅಡಿಗೂ ಹೋಯಿತು. ಅವ್ವ ಕಸಬರಿಗೆಯಿಂದ ಎರಡೇ ಏಟು ಹಾಕಿ ಇಲಿಯನ್ನು ಬಾಗಿಲಾಚೆ ದಾಟಿಸಿದಳು.

"ಗುಡ್ಡ ಅಗದು ಇಲಿ ಹಿಡದಂಗ ಅಂತಾರ. ನೀ ಗುಡ್ಡಾನೂ ಅಗದಿ, ಇಲೀನೂ ಬಿಟ್ಟಿ" ಅಂದಳು. ಮೊರ ನನ್ನ ಮುಂದೆ ಬಂದು ಬಿತ್ತು.

ಸಂಜೆತನಕ ಕಲ್ಲು, ಕಸ ಆರಿಸಿದೆ. ನಡುವೆ ಒಂದು ಕೈ ಬಿಡುವಾದಾಗ ಹೊಸ ಆಟ ಶುರು ಮಾಡಿದೆ. ಮೂರನೇ ಮಹಡಿಯಲ್ಲಿ ಗ್ರೇಟ್‌ಆಕ್ಸ್ ಎಂಬ ದೊಡ್ಡ ಕೊಡಲಿ ಬಿದ್ದಿತ್ತು. 20 ಶಕ್ತಿ ಬೇಕಂತೆ. ಅವ್ವ ಈ ಕಡೆ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಚೀಲಕ್ಕೆ ಹಾಕಿಕೊಂಡೆ.