ಸ್ಪಷ್ಟನೆ: ಆ 50 ಗಂಟೆ ಪೂರ್ತಿ ಕಂಪ್ಯೂಟರ್ ತರಬೇತಿ ಅಲ್ಲ

ಹುಬ್ಬಳ್ಳಿ-ಧಾರವಾಡದ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಹೊಸ ಶಿಕ್ಷಣ ನೀತಿಯ ಪ್ರಕಾರ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ಕಂಪ್ಯೂಟರ್ ಕಲಿಯಬೇಕು.' ಇದು ಸರಿಯಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 50 ಗಂಟೆಯ ಮಾತು ಇರುವುದು ನಿಜ. ಆದರೆ ಅದು ಶಿಕ್ಷಕರ ಒಟ್ಟಾರೆ ವೃತ್ತಿ ಬೆಳವಣಿಗೆಗೆ. ಓದು-ಬರಹ, ಲೆಕ್ಕ ಕಲಿಸುವ ರೀತಿ, ಮಕ್ಕಳ ಕಲಿಕೆಯನ್ನು ಅಳೆಯುವುದು, ಮಾಡಿ ಕಲಿಯುವುದು ಎಲ್ಲವೂ ಅದರಲ್ಲಿ ಬರುತ್ತವೆ. ವಿಷಯ ಆರಿಸುವಾಗ ಶಿಕ್ಷಕರ ಆಸಕ್ತಿಗೂ ಜಾಗವಿದೆ.

ಇನ್ನು ತಂತ್ರಜ್ಞಾನ. ಸುಮ್ನೆ ಬಟನ್ ಒತ್ತುವುದನ್ನು ಕಲಿತರೆ ಪಾಠ ಸುಧಾರಿಸುವುದಿಲ್ಲ. ಯಾವ ಪಾಠಕ್ಕೆ ಏನು ಬೇಕು ಅನ್ನುವುದೇ ಮುಖ್ಯ. ಹೆಸರುಕಾಳು ಮೊಳೆಯುವುದನ್ನು ಒದ್ದೆ ಬಟ್ಟೆಯಲ್ಲೇ ತೋರಿಸಬಹುದು, ವಿಡಿಯೊ ಯಾಕೆ? ಹೃದಯದೊಳಗೆ ರಕ್ತ ಹರಿಯುವುದನ್ನು ಹಾಗೆ ತೋರಿಸಲಾಗದು, ಅಲ್ಲಿ ಆ್ಯನಿಮೇಶನ್ ಬೇಕು. ಅದನ್ನೂ ನಡುವೆ ನಿಲ್ಲಿಸಿ, 'ಮುಂದೆ ರಕ್ತ ಎಲ್ಲಿಗೆ ಹೋಗುತ್ತೆ?' ಎಂದು ಕೇಳಬೇಕು. ಈ ಅಭ್ಯಾಸಕ್ಕೇ ತರಬೇತಿಯಲ್ಲಿ ಜಾಸ್ತಿ ಸಮಯ ಸಿಗಬೇಕು. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ದೀಕ್ಷಾದಲ್ಲಿ (ಸರ್ಕಾರದ ಆನ್‌ಲೈನ್ ಕಲಿಕಾ ತಾಣ) ತೆರೆಯುವ ಒಂದು ವಿಡಿಯೊ ಹಿಡಿದು, ಶಿಕ್ಷಕರ ಮುಂದಿನ ಸಮಾಲೋಚನಾ ಸಭೆಯಲ್ಲೇ ಇದನ್ನು ಮಾಡಿ ನೋಡಬಹುದು.