ನಂಬಿಕೆ ಕಿತ್ತುಕೊಂಡ ಮೇಲೆ ಆ ಕನ್ಯಾಸ್ತ್ರೀಯಲ್ಲಿ ಏನು ಉಳಿಯಿತು?

ಮಧ್ಯಯುಗದ ಯುರೋಪಿನ ಕನ್ಯಾಸ್ತ್ರೀ ಮಠಗಳ ಬಗ್ಗೆ ಇಂಗ್ಲಿಷಿನಲ್ಲಿ ಬಂದಿರುವ ಕಾದಂಬರಿಗಳನ್ನು ಹುಡುಕಿ ಹುಡುಕಿ ಓದುವ ಅಭ್ಯಾಸ ನನ್ನದು. ಈಚೆಗಂತೂ ಒಂದರ ಹಿಂದೊಂದು ಬರುತ್ತಿವೆ, ಅದರ ಬಗ್ಗೆ ಸಂತೋಷವೇ ಇದೆ. ಆದರೆ ಹೆಚ್ಚಿನವುಗಳಲ್ಲಿ ಅದೇ ನಾಯಕಿ ಮತ್ತೆ ಮತ್ತೆ ಎದುರಾಗುತ್ತಾಳೆ. ಗಿಡಮೂಲಿಕೆ ಬಲ್ಲವಳು, ಲ್ಯಾಟಿನ್ ಓದಬಲ್ಲವಳು, ಒಳಗೊಳಗೆ ದೇವರನ್ನು ಅಷ್ಟಾಗಿ ನಂಬದವಳು. ಎದುರಿಗೊಬ್ಬ ಕ್ರೂರಿ ಬಿಷಪ್. ಸುತ್ತಲಿನ ಸಿಸ್ಟರುಗಳೆಲ್ಲ ಪೆದ್ದರು, ಇಲ್ಲವೇ ಚಾಡಿಕೋರರು. ಆ ನಾಯಕಿಯ ಉಡುಪೊಂದನ್ನು ಬದಲಾಯಿಸಿದರೆ ಇವತ್ತಿನ ಯಾವ ಆಫೀಸಿನಲ್ಲಾದರೂ ಕೂರಿಸಬಹುದು.

ನನ್ನ ತಕರಾರು ಇಷ್ಟೇ. ಆ ಹೆಂಗಸರು ಜಗಳವಾಡಿದ್ದೂ, ಬರೆದದ್ದೂ, ಹಾಡಿದ್ದೂ ತಮ್ಮ ನಂಬಿಕೆಯ ಬಲದಿಂದ. ಅದನ್ನು ತೆಗೆದುಹಾಕಿ ಅವರಿಗೆ ನಮ್ಮ ಕಾಲದ ಸಿಟ್ಟನ್ನು ಅಂಟಿಸಿದರೆ, ಅವರ ಬಾಯಿಗೆ ಎರಡನೇ ಸಲ ಬೀಗ ಹಾಕಿದ ಹಾಗೆ.

ಬಿಂಗೆನ್ನಿನ ಹಿಲ್ಡೆಗಾರ್ಡ್‌ಳನ್ನೇ ನೋಡಿ. 1098ರಲ್ಲಿ ಹುಟ್ಟಿದ ಜರ್ಮನ್ ಕನ್ಯಾಸ್ತ್ರೀ. ಹದಿಹರೆಯದಲ್ಲೇ ಯುಟ್ಟಾ ಎಂಬ ತಪಸ್ವಿನಿಯ ಜೊತೆ ಡಿಸಿಬೋಡೆನ್‌ಬರ್ಗ್ ಮಠದಲ್ಲಿ ಏಕಾಂತಕ್ಕೆ ಸೇರಿದಳು. ನಲವತ್ತು ದಾಟಿದ ಮೇಲೆ ತನ್ನ ದರ್ಶನಗಳನ್ನು ಬರೆಸತೊಡಗಿದಳು. ಅಲ್ಲಿನ ಮಠಾಧಿಪತಿ ಎಷ್ಟು ತಡೆದರೂ ಕೇಳದೆ 1150ರ ಸುಮಾರಿಗೆ ತನ್ನ ಸಿಸ್ಟರುಗಳನ್ನು ಕರೆದುಕೊಂಡು ರೈನ್ ನದಿಯ ದಡದ ರೂಪರ್ಟ್ಸ್‌ಬರ್ಗಿಗೆ ಹೊರಟೇಬಿಟ್ಟಳು. ಇದೆಲ್ಲ ಕಾದಂಬರಿಕಾರರಿಗೆ ಇಷ್ಟವಾಗುವ ಭಾಗ. ನನ್ನನ್ನು ಹಿಡಿದಿಟ್ಟದ್ದು ಆಕೆಯ ಕೊನೆಯ ಜಗಳ. 1178ರಲ್ಲಿ, ಎಂಬತ್ತರ ಆಸುಪಾಸಿನಲ್ಲಿ, ಒಮ್ಮೆ ಬಹಿಷ್ಕಾರಕ್ಕೆ ಒಳಗಾಗಿದ್ದ ಒಬ್ಬ ಗಣ್ಯನ ಶವವನ್ನು ತನ್ನ ಮಠದ ಸ್ಮಶಾನದಲ್ಲಿ ಹೂಳಿಸಿದಳು. ಅಗೆದು ಹೊರಗೆ ಹಾಕಿ ಎಂದು, ಆಕೆಯ ಮಠದ ಮೇಲೆ ಅಧಿಕಾರವಿದ್ದ ಮೈಂಝ್ ನಗರದ ಗುರುಗಳು ಅಪ್ಪಣೆ ಕಳಿಸಿದರು. ಸಾಯುವ ಮುಂಚೆ ಆತ ಪಾಪನಿವೇದನೆ ಮಾಡಿ ಪರಮಪ್ರಸಾದ ಪಡೆದಿದ್ದಾನೆ, ಅಗೆಯುವುದಿಲ್ಲ ಎಂದಳು. ಶಿಕ್ಷೆಯಾಗಿ ಇಡೀ ಮಠಕ್ಕೆ ಪರಮಪ್ರಸಾದ ನಿಂತಿತು, ಪ್ರಾರ್ಥನೆಗಳನ್ನು ಹಾಡುವುದೂ ನಿಂತಿತು.

ಆಗ ಆಕೆ ಬರೆದ ಪತ್ರ ಉಳಿದಿದೆ. ಆದಾಮನ ದನಿ ಪತನಕ್ಕೆ ಮುಂಚೆ ದೇವದೂತರ ದನಿಯ ಜೊತೆ ಸೇರಿತ್ತು, ಸಂಗೀತ ಅದರ ನೆನಪು, ಸರಿಯಾದ ಕಾರಣವಿಲ್ಲದೆ ಇಗರ್ಜಿಯ ಹಾಡನ್ನು ನಿಲ್ಲಿಸುವವರಿಗೆ ಸ್ವರ್ಗದ ಗಾಯನದಲ್ಲಿ ಜಾಗ ಸಿಗಲಾರದು ಎಂದು ಆ ಗುರುಗಳಿಗೇ ಎಚ್ಚರಿಕೆ ಕೊಡುತ್ತಾಳೆ. 1179ರಲ್ಲಿ ಶಿಕ್ಷೆ ಹಿಂದಕ್ಕೆ ಹೋಯಿತು, ಸೆಪ್ಟೆಂಬರಿನಲ್ಲಿ ಆಕೆ ತೀರಿಕೊಂಡಳು. ಈಗ ಹೇಳಿ, ದೇವರನ್ನು ನಂಬದ ಹಿಲ್ಡೆಗಾರ್ಡ್ ಈ ಪತ್ರವನ್ನು ಹೇಗೆ ಬರೆಯುತ್ತಿದ್ದಳು? ಹಾಡು ನಿಂತರೆ ಆಕೆಗೆ ನಷ್ಟವಾದರೂ ಏನಿತ್ತು?

ನಾರ್ವಿಚ್‌ನ ಜೂಲಿಯನ್‌ಳ ವಿಷಯವೂ ಹೀಗೆಯೇ. ಇಂಗ್ಲೆಂಡಿನ ಈಕೆ 1373ರ ಮೇ ತಿಂಗಳಲ್ಲಿ ಸಾವಿನ ಹಾಸಿಗೆಯಲ್ಲಿ ದರ್ಶನ ಕಂಡಳು, ಬದುಕಿದಳು, ಮುಂದೆ ಇಗರ್ಜಿಯ ಗೋಡೆಗೆ ಅಂಟಿದ ಕೋಣೆಯಲ್ಲಿ ಹೊರಬಾರದ ವ್ರತ ಹಿಡಿದು ನೆಲೆಸಿ ಆ ದರ್ಶನಗಳ ಬಗ್ಗೆ ವರ್ಷಗಟ್ಟಲೆ ಯೋಚಿಸಿ ಬರೆದಳು. ಯೇಸುವನ್ನು ತಾಯಿ ಎಂದೇ ಕರೆದಳು. ಹೆಣ್ಣೊಬ್ಬಳು ಬರೆದದ್ದೆಂದು ತಿಳಿದು ಉಳಿದುಬಂದಿರುವ ಇಂಗ್ಲಿಷ್ ಪುಸ್ತಕಗಳಲ್ಲಿ ಆಕೆಯದೇ ಅತ್ಯಂತ ಹಳೆಯದು. ಹದಿನಾಲ್ಕು ಮಕ್ಕಳ ತಾಯಿ, ಎಲ್ಲೆಂದರಲ್ಲಿ ಗೋಳೋ ಎಂದು ಅಳುತ್ತಿದ್ದ ಮಾರ್ಜರಿ ಕೆಂಪ್ ಸುಮಾರು 1413ರಲ್ಲಿ ಆಕೆಯನ್ನು ಕಾಣಲು ಹೋಗಿದ್ದಳು. ಆ ಭೇಟಿಯನ್ನು ಹಿಡಿದು ವಿಕ್ಟೋರಿಯಾ ಮೆಕೆಂಜಿ 2023ರಲ್ಲಿ ಬರೆದ ಪುಟ್ಟ ಕಾದಂಬರಿ ನನಗೆ ತುಂಬಾ ಹಿಡಿಸಿತು. ಇಬ್ಬರನ್ನೂ ಮೆಕೆಂಜಿ ಬುದ್ಧಿವಂತರನ್ನಾಗಿ ತಿದ್ದಲು ಹೋಗಿಲ್ಲ. ಅವರಿಗೆ ಕಂಡದ್ದು ಕಂಡದ್ದೇ ಎಂದು ಒಪ್ಪಿಕೊಂಡು ಬರೆದಿದ್ದಾರೆ. ಹೀಗೆ ಕೋಣೆ ಸೇರಿದ ಹೆಂಗಸರಿಗೆಂದು ಹದಿಮೂರನೇ ಶತಮಾನದಲ್ಲಿ ಬರೆದ ಮಾರ್ಗದರ್ಶಿಯೊಂದಿದೆ. ಬೇರೆ ಯಾವ ಪ್ರಾಣಿಯೂ ಬೇಡ, ಬೆಕ್ಕೊಂದನ್ನು ಇಟ್ಟುಕೊಳ್ಳಬಹುದು ಎನ್ನುತ್ತದೆ ಅದು. ಅಂಥ ಕೋಣೆಯನ್ನು ಬರೀ ಜೈಲೆಂದು ತೋರಿಸುವ ಕಾದಂಬರಿಗೆ ಆ ಬೆಕ್ಕು ಕಾಣಿಸುವುದಿಲ್ಲ.

ಪೋಪ್ ಜೋನ್ ಕಥೆಯ ಮೇಲೆ ಹೆಚ್ಚು ಹೇಳಲಾರೆ. ಒಂಬತ್ತನೇ ಶತಮಾನದಲ್ಲಿ ಗಂಡುವೇಷದಲ್ಲಿ ಪೋಪ್ ಆಗಿದ್ದಳು ಎನ್ನಲಾಗುವ ಆ ಹೆಂಗಸಿನ ಸುದ್ದಿ ಮೊದಲು ಕಾಣುವುದೇ ಹದಿಮೂರನೇ ಶತಮಾನದ ಬರಹಗಳಲ್ಲಿ. ನಿಜವಾಗಿ ಬದುಕಿ ಬರೆದ ಇಷ್ಟೊಂದು ಹೆಂಗಸರಿರುವಾಗ, ಇಲ್ಲದ ಪೋಪಮ್ಮನ ಮೇಲೆ ಇಷ್ಟು ಮೋಹವೇಕೋ.

ನನ್ನ ಮಟ್ಟಿಗೆ ಈ ಬಗೆಯಲ್ಲಿ ಎಲ್ಲಕ್ಕಿಂತ ಎತ್ತರದ್ದು ಸಿಲ್ವಿಯಾ ಟೌನ್‌ಸೆಂಡ್ ವಾರ್ನರ್ 1948ರಲ್ಲಿ ಪ್ರಕಟಿಸಿದ 'ದಿ ಕಾರ್ನರ್ ದಟ್ ಹೆಲ್ಡ್ ದೆಮ್'. ಆಕೆ ಕಮ್ಯುನಿಸ್ಟ್ ಪಕ್ಷ ಸೇರಿದ್ದವರು. ಭಕ್ತಿಯ ಪುಸ್ತಕ ಬರೆಯುವ ಯಾವ ಹಂಗೂ ಅವರಿಗಿರಲಿಲ್ಲ. ನಾರ್ಫೋಕ್ ಸೀಮೆಯ ಓಬಿ ಎಂಬ ಕಲ್ಪಿತ ಮಠ. 1349ರ ಪ್ಲೇಗಿನಿಂದ 1382ರವರೆಗಿನ ಕಥೆ. ನಾಯಕಿ ಎಂದು ಯಾರೂ ಇಲ್ಲ, ಮಠವೇ ಎಲ್ಲ. ಬಾರದ ಗೇಣಿ, ತೀರದ ಸಾಲ, ವರದಕ್ಷಿಣೆ ತರುವ ಹೊಸ ಹುಡುಗಿಯರಿಗಾಗಿ ಕಾಯುವುದು, ಹಟಕ್ಕೆ ಬಿದ್ದು ಕಟ್ಟಿಸಿದ ಗೋಪುರ ಕುಸಿಯುವುದು. ಪ್ಲೇಗಿನ ಗಲಾಟೆಯಲ್ಲಿ ಬಂದವನೊಬ್ಬ ತಾನು ಪಾದ್ರಿ ಎಂದು ಸುಳ್ಳು ಹೇಳಿ ಅಲ್ಲೇ ಉಳಿದುಬಿಡುತ್ತಾನೆ. ವರ್ಷಗಟ್ಟಲೆ ಅವರ ಪಾಪನಿವೇದನೆ ಕೇಳುತ್ತಾನೆ, ಸಾಯುವವರ ಹಾಸಿಗೆಯ ಪಕ್ಕ ಪಾದ್ರಿ ಮಾಡಬೇಕಾದ ಕೊನೆಯ ವಿಧಿ ನಡೆಸುತ್ತಾನೆ. ಆ ಸುಳ್ಳು ಓದುಗರಾದ ನಮಗೆ ಗೊತ್ತು, ಸಿಸ್ಟರುಗಳಿಗೆ ಗೊತ್ತಿಲ್ಲ. ಅವರ ನಂಬಿಕೆಯನ್ನು ಲೇಖಕಿ ಪೂರ್ತಿ ಒಪ್ಪಿಕೊಂಡು ಬರೆದದ್ದರಿಂದಲೇ ಆ ಸುಳ್ಳು ಪುಟಪುಟಕ್ಕೂ ಭಾರವಾಗುತ್ತದೆ. ತಾನು ನಂಬದಿದ್ದರೂ ನಂಬುವವರನ್ನು ಹೀಗೆ ಗೌರವದಿಂದ ಬರೆಯಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಮಠವೆಂದರೆ ದುಡಿಮೆಯೂ ಹೌದು. ಜರ್ಮನಿಯ ದಾಲ್‌ಹೈಮ್ ಮಠದ ಸ್ಮಶಾನದಲ್ಲಿ ಸಿಕ್ಕ, ಸಾವಿರದ ನೂರರ ಆಸುಪಾಸಿನ ಒಬ್ಬ ಹೆಂಗಸಿನ ಹಲ್ಲಿನ ಪಾಚಿಯಲ್ಲಿ ನೀಲಿ ಕಣಗಳಿದ್ದವು. ಅಫ್ಘಾನಿಸ್ತಾನದಿಂದ ಬರುತ್ತಿದ್ದ, ಚಿನ್ನದಷ್ಟೇ ಬೆಲೆಬಾಳುವ ಲಾಪಿಸ್ ಲಾಜುಲಿ ಎಂಬ ನೀಲಿ ಕಲ್ಲಿನ ಕಣಗಳು. ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡಿಕೊಳ್ಳುತ್ತ ಧರ್ಮಗ್ರಂಥಗಳಿಗೆ ಬಣ್ಣ ಬಳಿಯುತ್ತಿದ್ದವಳಿರಬೇಕು ಎಂದು 2019ರಲ್ಲಿ ಸಂಶೋಧಕರು ಬರೆದರು. ಎಂಥ ಕಾದಂಬರಿ ಅದರೊಳಗಿದೆ!

ಮಠ ಬಿಟ್ಟು ಓಡಿದವರೂ ಇದ್ದರು, ಇಲ್ಲವೆನ್ನುವುದಿಲ್ಲ. 1318ರಲ್ಲಿ ಯಾರ್ಕಿನ ಆರ್ಚ್‌ಬಿಷಪ್ ತನ್ನ ದಫ್ತರದಲ್ಲಿ ಬರೆಸಿಟ್ಟಿದ್ದಾನೆ: ಲೀಡ್ಸ್‌ನ ಜೋನ್ ಎಂಬ ಕನ್ಯಾಸ್ತ್ರೀ ಕಾಯಿಲೆ ನಟಿಸಿ, ಸತ್ತಂತೆ ನಟಿಸಿ, ತನ್ನ ಮೈಯ ಹೋಲಿಕೆಯ ಬೊಂಬೆಯೊಂದನ್ನು ಮಠದ ಪವಿತ್ರ ನೆಲದಲ್ಲಿ ಹೂಳಿಸಿ ಪರಾರಿಯಾದಳು. ಜೋನ್‌ಳ ಮೇಲೆ ಯಾರಾದರೂ ಬರೆದೇ ಬರೆಯುತ್ತಾರೆ. ನನಗೆ ಬೇಕಿರುವುದು ಆಕೆಗೆ ನೆರವಾದವರ ಕಥೆ. ಅಂಥವರು ಹಲವರಿದ್ದರು ಎನ್ನುತ್ತದೆ ಅದೇ ದಾಖಲೆ. ಅವರು ಮಠದೊಳಗಿನವರೇ ಆಗಿದ್ದರೆ, ಬೊಂಬೆಯ ಮುಂದೆ ನಿಂತು ಸತ್ತವರ ಪ್ರಾರ್ಥನೆ ಹಾಡಿ, ಮಾರನೇ ದಿನ ಮತ್ತೆ ಅದೇ ಪೀಠದ ಮುಂದೆ ಮಂಡಿಯೂರಿದವರು. ದೇವರಿಗೆ ಅವರು ಏನೆಂದು ಹೇಳಿಕೊಂಡರು? ಅದನ್ನು ಬರೆಯುವ ಕಾದಂಬರಿಕಾರ್ತಿಗಾಗಿ ಕಾಯುತ್ತಿದ್ದೇನೆ.